ಪುರಾಣ ನಿಂತ ಜಾಗ

ಪುರಾಣ ಓದುವಾಗ ಆ ದಿನದ ಓದನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ರೂಢಿಯಿದೆ. ಸಾವಿನಲ್ಲಿ ನಿಲ್ಲಿಸಬಾರದು, ಶಾಪದಲ್ಲಿ ನಿಲ್ಲಿಸಬಾರದು, ಗಂಡ ಹೆಂಡತಿ ಅಗಲಿದ ಕಡೆ ನಿಲ್ಲಿಸಬಾರದು. ಮದುವೆಯಾಗಬೇಕು, ಇಲ್ಲವೇ ಮಗು ಹುಟ್ಟಬೇಕು, ಹಸಿದವರ ಎಲೆಗೆ ಅನ್ನ ಬೀಳಬೇಕು, ಏನೂ ಇಲ್ಲದಿದ್ದರೆ ಒಂದು ಮಳೆಯಾದರೂ ಬರಬೇಕು. ಆಮೇಲೆ ಪುಸ್ತಕದ ಮೇಲೆ ಹೂವಿಟ್ಟು, ಮಂಗಳಾರತಿ ಮಾಡಿ, ಜನರನ್ನು ಮನೆಗೆ ಕಳಿಸುವುದು. ಕೇಳಿದವರು ರಾತ್ರಿಯೆಲ್ಲ ಆ ಜಾಗದಲ್ಲೇ ಇರುತ್ತಾರೆ, ಅದಕ್ಕೆ ಒಳ್ಳೆಯ ಜಾಗದಲ್ಲಿ ಬಿಟ್ಟು ಬರಬೇಕು ಎಂದು ನಮ್ಮತ್ತೆ ಹೇಳುತ್ತಿದ್ದರು.

ಜಗಳೂರಿನ ನಮ್ಮ ಓಣಿಯ ಗುಡಿಯಲ್ಲಿ ಶ್ರಾವಣ ಬಂದರೆ ಸಂಜೆ ಹೊತ್ತು ಪುರಾಣ. ಕುರಿ ಕಾಯುವ ತಾಯಿಯೊಬ್ಬಳ ಕಥೆ. ಅದನ್ನು ಪದ್ಯದಲ್ಲಿ ಬರೆದಿದ್ದಾರೆ. ಓದುವವರು ಒಬ್ಬ ಅಜ್ಜ. ಮೂಲ ಚನ್ನಗಿರಿ ಕಡೆಯ ಉಬ್ರಾಣಿಯವರು, ಮಗಳ ಮನೆಯೆಂದು ಇಲ್ಲಿಗೆ ಬಂದು ಇಲ್ಲಿಯವರೇ ಆದವರು. ಅವರು ಒಂದು ಪದ್ಯವನ್ನು ರಾಗ ಮಾಡಿ ಓದುತ್ತಾರೆ. ಪಕ್ಕದಲ್ಲಿ ಕೂತ ನಿವೃತ್ತ ಮೇಷ್ಟ್ರು ಅದರ ಅರ್ಥ ಹೇಳುತ್ತಾರೆ. ಅಜ್ಜ ಓದದೆ ಮೇಷ್ಟ್ರು ಬಾಯಿ ಬಿಡುವುದಿಲ್ಲ, ಮೇಷ್ಟ್ರು ಮುಗಿಸದೆ ಅಜ್ಜ ಹಾಳೆ ತಿರುವುವುದಿಲ್ಲ. ಎತ್ತಿನ ಜೋಡಿಯ ಹಾಗೆ ಇಬ್ಬರೂ ವರ್ಷಗಟ್ಟಲೆ ಹಾಗೆಯೇ ನಡೆದುಬಂದಿದ್ದಾರೆ.

ಆ ಶ್ರಾವಣದಲ್ಲಿ ನನ್ನ ಮಗಳು ಹೆರಿಗೆಗೆ ಬಂದಿದ್ದಳು. ಅವಳನ್ನು ಹೊನ್ನಾಳಿಗೆ ಕೊಟ್ಟಿದ್ದೇವೆ. ಅಲ್ಲಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾಳೆ. ಹಿಂದಿನ ಸಲ ಏಳು ತಿಂಗಳಿಗೇ ನೋವು ಬಂದು, ಕೂಸು ನಮ್ಮ ಕೈಗೆ ಹತ್ತಲಿಲ್ಲ. ಆ ಸಲ ಅವಳು ಅಳಲೂ ಇಲ್ಲ, ಮಾತಾಡಲೂ ಇಲ್ಲ. ತಿಂಗಳುಗಟ್ಟಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಈ ಸಲ ಏಳು ದಾಟಿತು, ಎಂಟು ದಾಟಿತು. ಒಂದೊಂದು ಬೆಳಿಗ್ಗೆ ಎದ್ದಾಗಲೂ ಅವಳ ಮುಖ ನೋಡಿ, ಒಂದು ದಿನ ಕೊಟ್ಟೆಯಪ್ಪ ಎಂದು ದೇವರಿಗೆ ಕೈಮುಗಿದು ಒಲೆ ಹಚ್ಚುತ್ತಿದ್ದೆ. ನನಗೆ ಬೇರೆ ಏನೂ ಬೇಕಿರಲಿಲ್ಲ. ನನ್ನ ಕಾಲು ಬಾತಿದ್ದವು, ಸೊಂಟ ಹಿಡಿದಿತ್ತು. ಅವೆಲ್ಲ ಇರಲಿ, ಈ ಕೂಸೊಂದು ಅಳುತ್ತ ಬರಲಿ ಎಂದಷ್ಟೇ.

ರಜೆ ಹಾಕಿದ್ದರೂ ಮಗಳು ಸುಮ್ಮನೆ ಕೂರುತ್ತಿರಲಿಲ್ಲ. ಮಕ್ಕಳಿಗೆ ಪರೀಕ್ಷೆ ಹತ್ತಿರವೆಂದು ಫೋನನ್ನು ಹಿತ್ತಾಳೆ ಚೊಂಬಿಗೆ ಒರಗಿಸಿಟ್ಟು, ಮಂಚದ ಮೇಲೆ ದಿಂಬಿಗೆ ಆನಿಕೊಂಡು ಪಾಠ ಮಾಡುತ್ತಿದ್ದಳು. ನಾನು ಕೆಳಗೆ ಕೂತು ಜೋಳ ಹಸನು ಮಾಡುತ್ತ ಕೇಳುತ್ತಿದ್ದೆ. ಸಾಹಿತ್ಯದಲ್ಲಿ ಪದ್ಯ, ಗದ್ಯ, ನಾಟಕವೆಂದು ಬಗೆಗಳಿವೆಯಂತೆ. ಅದರೊಳಗೆ ಮತ್ತೆ ಕಥೆ, ಕಾದಂಬರಿ, ಪ್ರಬಂಧ, ಹಾಡು ಎಂದು ಒಂದೊಂದು ಟಿಸಿಲು. ಕಥೆಗೆ ವಸ್ತು ಬೇಕು, ಪಾತ್ರ ಬೇಕು, ಜಾಗ ಮತ್ತು ಹೊತ್ತು ಬೇಕು, ತೊಡಕು ಬೇಕು, ಮುಕ್ತಾಯ ಬೇಕು. ಕ್ಲಾಸಿನಲ್ಲಿ ಅವಳ ಮಾತೇ ಬೇರೆ. "ವಸ್ತು ಅಂದರೆ ಏನಾಯಿತು ಅನ್ನುವುದಷ್ಟೇ ಅಲ್ಲ. ಯಾವುದನ್ನು ಮೊದಲು ಹೇಳಿ ಯಾವುದನ್ನು ತಡೆದು ಇಟ್ಟುಕೊಂಡಿದ್ದಾರೆ ಅನ್ನುವುದು" ಎಂದು ನಿಧಾನ ಹೇಳುವಳು. ಫೋನು ಆರಿಸಿದ ತಕ್ಷಣ, "ಅಮ್ಮ, ಹಸಿವಾಗೈತೆ, ಏನರ ಕೊಡು" ಎನ್ನುವಳು. ಏಳನೇ ಕ್ಲಾಸಿಗೆ ಬಿಟ್ಟ ನನಗೆ ಅಷ್ಟು ಪಾಠ ಕೂತಲ್ಲೇ ಸಿಕ್ಕಿತು. ಅದೂ ಒಂದು ಪುಣ್ಯವೇ.

ಆ ಸಂಜೆ ಗುಡಿಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಕಂಬಕ್ಕೆ ಆನಿಸಿ, ಕಾಲು ಚಾಚಲು ಜಾಗ ಮಾಡಿ ಕೂರಿಸಿದ್ದೆ. ಕಥೆ ಏರುತ್ತ ಬಂದಿತ್ತು. ಕುರಿ ಕಾಯುವ ತಾಯಿ ತನ್ನ ಕೂಸನ್ನು ಜಾಲಿ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿರುತ್ತಾಳೆ. ಬಾಯಾರಿದ ಮುದುಕನೊಬ್ಬ ಬಂದು ನೀರು ಕೇಳುತ್ತಾನೆ. ತರುತ್ತೇನೆಂದು ಮಾತು ಕೊಟ್ಟು ಕೆರೆಗೆ ಹೋಗುತ್ತಾಳೆ. ಅಲ್ಲಿ ಊರ ಗೌಡ ಕೆರೆ ಮುಟ್ಟಗೊಡದೆ ಬೈದು ತಡೆಯುತ್ತಾನೆ. ಹೇಗೋ ಒಂದು ಕೊಡ ತುಂಬಿಕೊಂಡು ಅವಳು ತಿರುಗಿ ಬರುವಷ್ಟರಲ್ಲಿ ಸುಂಟರಗಾಳಿ ಎದ್ದು, ಜೋಳಿಗೆಯ ತುಂಬ ಧೂಳು ತುಂಬಿ, ಕೂಸು ಉಸಿರಿಲ್ಲದೆ ಬಿದ್ದಿರುತ್ತದೆ. ಅಜ್ಜ ಆ ಪದ್ಯ ಓದಿದರು. ಮೇಷ್ಟ್ರು ಅರ್ಥ ಹೇಳಿದರು. ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು.

ಆಗ ಹೊರಗಿನಿಂದ ಯಾರೋ ಕೂಗಿದರು. "ನಲ್ಲಿ ಬಿಟ್ಟವ್ರೇ! ನೀರು ಬಂತು!"

ಜಗಳೂರಿನಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ವಾರ ಕಳೆದರೂ ನೀರು ಬಂದಿರಲಿಲ್ಲ. ಕಣ್ಣೊರೆಸುತ್ತಿದ್ದ ಸೆರಗನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ಹೆಂಗಸರ ಸಾಲು ಎದ್ದಿತು.

"ಅವ್ವದೀರಾ, ಕೂತ್ಕಳ್ರಿ, ಕೂಸು ಏಳಬೇಕು! ಹಿಂಗೆ ಬಿಟ್ಟು ಹೋಗಬಾರದು ಕಣ್ರವ್ವ!" ಎಂದು ಅಜ್ಜ ಮೈಕಿನಲ್ಲೇ ಕೂಗಿದರು.

"ಹಿಡಕಂಡು ಬಂದುಬಿಡ್ತೀವಿ ಅಜ್ಜಾರೇ, ಅಲ್ಲೀಗಂಟ ಹಂಗೇ ಇರ್ಲಿ!" ಎಂದು ಒಬ್ಬಳು ಮೆಟ್ಟಿಲು ಇಳಿಯುತ್ತಲೇ ಉತ್ತರ ಕೊಟ್ಟಳು.

ನಾನೂ ಎದ್ದೆ. ನೀರು ಬಂದಾಗ ಏಳದಿದ್ದರೆ ಮನೆ ನಡೆಯುವುದಿಲ್ಲ, ಬಸುರಿ ಇರುವ ಮನೆಯಂತೂ ನಡೆಯುವುದೇ ಇಲ್ಲ. ಕಾಯುತ್ತೇನೆ ಎಂದು ಅಜ್ಜನೂ ಹೇಳಿದರು. ಆದರೆ ನಾವು ಡ್ರಮ್ಮು, ಕೊಡ, ಬಕೆಟ್ಟು ತುಂಬಿಸಿ ಬರುವ ಮೊದಲೇ ಅವರಿಗೆ ಉಬ್ರಾಣಿಯಿಂದ ಫೋನು ಬಂದಿತ್ತು. ಅವರ ದಾಯಾದಿಯೊಬ್ಬರು ಹೋಗಿಬಿಟ್ಟಿದ್ದರು. ಸೂತಕವೆಂದು ಅಜ್ಜ ಪುಸ್ತಕದಿಂದ ಕೈ ತೆಗೆದರು. ಬೇರೆಯವರು ಆ ಹಾಳೆಯ ಮೇಲೆ ತುಂಬೆ ಹೂವಿಟ್ಟು, ಪುಸ್ತಕವನ್ನು ಪೀಠದ ಮೇಲೆ ತೆರೆದಂತೆಯೇ ಬಿಟ್ಟರು. ಅಜ್ಜ ರಾತ್ರಿಯ ಬಸ್ಸು ಹಿಡಿದು ಹೋದರು. ಸೂತಕ ಕಳೆದು ಅವರು ಬರುವವರೆಗೆ ಪುರಾಣ ನಿಂತ ಹಾಗೆಯೇ. ಒಬ್ಬರು ಹಿಡಿದ ಪುರಾಣವನ್ನು ಅವರ ಪೀಠದಲ್ಲಿ ಇನ್ನೊಬ್ಬರು ಕೂತು ಓದುವುದು ನಮ್ಮಲ್ಲಿಲ್ಲ.

ನಾನು ತಿರುಗಿ ಹೋದಾಗ ಹೆಂಗಸರ ಕಡೆ ನನ್ನ ಮಗಳೊಬ್ಬಳೇ ಕೂತಿದ್ದಳು. ಒಂದು ಕೈ ನೆಲಕ್ಕೆ ಊರಿದ್ದಳು, ಒಂದು ಕೈ ಹೊಟ್ಟೆಯ ಮೇಲಿತ್ತು.

"ನಡಿ, ಎಲ್ಲಾ ತುಂಬಿಸಿದೆ" ಎಂದೆ.

"ನೋಡಮ್ಮ, ನಿಮ್ಮೂರ ಜನಕ್ಕೆ ಪರಾಕಾಷ್ಠೆಗಿಂತ ನಲ್ಲಿ ದೊಡ್ಡದು" ಎಂದು ನಕ್ಕಳು. ನಗು ಸ್ವಲ್ಪ ಜೋರಾಗಿಯೇ ಇತ್ತು. ಎಬ್ಬಿಸುವಾಗ ಅವಳ ಕೈ ತಣ್ಣಗಿತ್ತು.

ಅಂದಿನಿಂದ ಅವಳ ನಿದ್ದೆ ಹಾರಿಹೋಯಿತು. ಇದಕ್ಕೇ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊಟ್ಟೆಯೊಳಗೆ ಕೂಸು ಸ್ವಲ್ಪ ಹೊತ್ತು ಮಿಸುಕದಿದ್ದರೆ ಎದ್ದು ಕೂರುವಳು. ತಣ್ಣೀರು ಕುಡಿದು, ಎಡಕ್ಕೆ ಹೊರಳಿ, ಅದು ಒದ್ದ ಮೇಲೆಯೇ ಉಸಿರು ಬಿಡುವಳು. ಮರುದಿನದ ಪಾಠ ಮುಕ್ತಾಯದ ಬಗ್ಗೆ ಇತ್ತು. ಫೋನು ಚೊಂಬಿಗೆ ಒರಗಿಸಿದಳು. ತೊಡಕಿನವರೆಗೆ ಹೇಳಿದಳು. "ಮುಕ್ತಾಯ ಇನ್ನೊಂದು ದಿನ ನೋಡೋಣ" ಎಂದು ಆರಿಸಿಬಿಟ್ಟಳು. ನಾನು ಮೊರದ ಜೋಳದಿಂದ ತಲೆ ಎತ್ತಲಿಲ್ಲ.

ಆ ಕಥೆಯಲ್ಲಿ ಕೂಸು ಏಳುತ್ತದೆ. ಅದು ನಮಗೆ ಗೊತ್ತಿಲ್ಲವೇ? ಓಣಿಯ ಎಲ್ಲರಿಗೂ ಗೊತ್ತು. ಶ್ರಾವಣ ಬಂದಾಗೆಲ್ಲ ಕೇಳಿದ್ದೇವೆ. ಆದರೂ ಗುಡಿಯಲ್ಲಿ ಆ ಹಾಳೆ ತೆರೆದುಕೊಂಡಿದೆ, ಕೂಸು ಅಲ್ಲಿ ಉಸಿರಿಲ್ಲದೆ ಬಿದ್ದಿದೆ, ಮುಂದಿನ ಪದ್ಯ ಯಾರ ಬಾಯಿಂದಲೂ ಬಂದಿಲ್ಲ ಎನ್ನುವುದು ನೆನಪಾದರೆ ಗೊತ್ತಿದ್ದದ್ದು ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚುತ್ತ ನಾನೇ ಹೇಳಿಬಿಟ್ಟೆ. "ಆ ತಾಯಿ ಶಿವನ್ನ ಕೂಗಿದ್ಲು, ಮುದುಕ ಶಿವನೇ ಆಗಿದ್ದ, ಕೂಸು ಎದ್ದು ಅತ್ತಿತು. ಮುಗೀತು ಬಿಡು ಅತ್ಲಾಗೆ."

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಗೊತ್ತಮ್ಮ. ನೀನು ಹೇಳಿದ್ದು ಸಾರಾಂಶ. ಪರೀಕ್ಷೆನಾಗೆ ಬರೀತಾರಲ್ಲ, ಹಂಗೆ."

"ಮತ್ತೇನು ಬೇಕು ನಿಂಗೆ?"

"ನಂಗೇನೂ ಬ್ಯಾಡ. ಎಣ್ಣೆ ಹಚ್ಚು."

ನನಗೆ ತಡೆಯಲಾಗಲಿಲ್ಲ. ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು. "ಮೇಷ್ಟ್ರೇ, ಮನೆಗೆ ಬಂದು ಮುಂದಿಂದು ಒಂದಿಷ್ಟು ಹೇಳಿಬಿಡ್ರಿ. ಹುಡುಗಿ ಮಂಕಾಗಿ ಕೂತವಳೆ" ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೇಳಬಹುದಿತ್ತು ಕಣಮ್ಮ. ಆದ್ರೆ ಪದ್ಯ ಇಲ್ದೆ ಅರ್ಥ ಹೆಂಗೆ ಹೇಳ್ಲಿ? ಅಜ್ಜಾರು ಪದ್ಯ ಅಂದ್ರೆ ನಂಗೆ ಬರ್ತೈತೆ. ಅವರು ಅನ್ನಲಿಲ್ಲ ಅಂದ್ರೆ ಬರಲ್ಲ."

"ಅಷ್ಟು ವರ್ಷದಿಂದ ಹೇಳ್ತಾ ಇದ್ದೀರಲ್ರೀ?"

"ಅದೇ ಹೇಳ್ತಾ ಇರೋದು. ಮನ್ಯಾಗೆ ಒಬ್ಬನೇ ಕೂತು ನೋಡಿದೆ. ಒಂದು ಮಾತೂ ಹೊಳೀಲಿಲ್ಲ."

ಒಳಗಿನಿಂದ ಅವರ ಹೆಂಡತಿ, "ಮನ್ಯಾಗೆ ಮಾತ್ರ ಪದ್ಯ ಇಲ್ದೇನೇ ಅರ್ಥ ಹೇಳ್ತಾರೆ, ಬೆಳಗಿಂದ ಸಂಜೆಗಂಟ" ಎಂದರು. ಅವರು ಕೊಟ್ಟ ಅರ್ಧ ಲೋಟ ಟೀ ಕುಡಿದು ಬಂದೆ. ಬಿಸಿಯಾಗಿತ್ತು. ಆ ದಿನ ಕೂತು ಕುಡಿದ ಟೀ ಅದೊಂದೇ.

ನ್ಯಾಮತಿಯಲ್ಲಿರುವ ನನ್ನ ನಾದಿನಿಗೆ ಈ ಕಥೆಯ ಹಾಡು ಗೊತ್ತು. ಬೀಸುವ ಕಲ್ಲಿನ ಮುಂದೆ ಅವರಜ್ಜಿ ಹಾಡುತ್ತಿದ್ದದ್ದು. ಫೋನು ಮಾಡಿದೆ. ಅವಳಿಗೆ ಹಾಡು ಕೇಳಿದರೆ ಸಾಕು, ಕಾರಣ ಬೇಕಿಲ್ಲ. ಶುರು ಮಾಡಿಯೇಬಿಟ್ಟಳು. ಮಗಳಿಗೂ ಕೇಳಲಿ ಎಂದು ಫೋನನ್ನು ದೊಡ್ಡದು ಮಾಡಿ ಅವಳ ಪಕ್ಕದಲ್ಲಿಟ್ಟೆ.

"ತೂಗೋ ಗಾಳಿಯೇ ತೊಟ್ಟಿಲ ಮುರೀತೇನೋ, ಏಳೋ ನನ ಕಂದಯ್ಯ" ಎಂದು ಹಾಡುತ್ತ ಹೋದಳು. ಒಳ್ಳೆಯ ಕಂಠ. ತಾಯಿ ಜಾಲಿ ಮರವನ್ನು ಕೇಳಿದಳು, ಕುರಿಯನ್ನು ಕೇಳಿದಳು, ತಂದ ಕೊಡವನ್ನು ಕೇಳಿದಳು, ಎದೆಯಲ್ಲಿ ತುಂಬಿದ ಹಾಲನ್ನು ಯಾರಿಗೆ ಕುಡಿಸಲಿ ಎಂದು ಕೇಳಿದಳು. ಪ್ರತಿ ನುಡಿಯ ಕೊನೆಗೂ ಏಳೋ ನನ ಕಂದಯ್ಯ. ಕೂಸು ಏಳುತ್ತಲೇ ಇಲ್ಲ. ನಾನು ಮಗಳ ಮುಖ ನೋಡಿದೆ, ಫೋನು ನೋಡಿದೆ.

"ಏ ಇವಳೇ, ಅದು ಏಳೋದು ಯಾವಾಗ?" ಎಂದೆ ನಡುವೆ ಬಾಯಿ ಹಾಕಿ.

"ಎಲ್ಲಿ ಏಳ್ತೈತೆ ಅತ್ತಿಗೆ? ಹಾಡಿನಾಗೆ ಏಳಲ್ಲ. ಹಿಟ್ಟು ಮುಗಿಯೋಗಂಟ ಅಳಬೇಕು ಅಷ್ಟೆ. ಎದ್ದ ಮೇಲೆ ಹಾಡು ಯಾಕೆ ಬೇಕು?" ಎಂದು ನಕ್ಕಳು. ಆಮೇಲೆ ಅವಳಿಗೆ ಏನೋ ಹೊಳೆದಿರಬೇಕು. "ಅಯ್ಯೋ ಅತ್ತಿಗೆ, ಹುಡುಗಿ ಅಲ್ಲೇ ಅದಾಳೇನು?"

"ಇಲ್ಲೇ ಅದೀನಿ ಅತ್ತೆ. ಚೆಂದ ಹಾಡಿದ್ರಿ" ಎಂದಳು ಮಗಳು. ಎದ್ದು ಹಿತ್ತಲಿಗೆ ಹೋದಳು. ಫೋನಿನಲ್ಲಿ ನಾದಿನಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡದ್ದು ಕೇಳಿಸಿತು.

ಸಂಜೆ ಮಂಡಿಯಿಂದ ಬಂದ ನನ್ನ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಮೆಕ್ಕೆಜೋಳದ ಧೂಳು ಇನ್ನೂ ಹುಬ್ಬಿನ ಮೇಲಿತ್ತು. "ಅಷ್ಟೇನಾ? ನಂಗೆ ಹೇಳಿದ್ರೆ ಆಗ್ತಿರ್ಲಿಲ್ವೇನೇ? ನಾನು ಅದೇ ನಾಟಕ ಆಡಿದ್ದೀನಿ, ಕತ್ತಲಗೆರೆನಾಗೆ. ನಂದೇ ಗೌಡನ ಪಾರ್ಟು" ಎಂದರು. ಟವೆಲ್ಲನ್ನು ಹೆಗಲಿಗೆ ಹಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತೇಬಿಟ್ಟರು. ಕೈ ಮೇಲಕ್ಕೆ ಹೋಯಿತು, ದನಿ ಬದಲಾಯಿತು.

"ಎಲೌ ಕುರಿ ಕಾಯುವವಳೇ! ಈ ಕೆರೆ ನನ್ನಪ್ಪ ಕಟ್ಟಿಸಿದ್ದು! ಇದರ ಒಂದು ಹನಿ ಮುಟ್ಟಿದರೂ ನಿನ್ನ ಕೊಡ ಚೂರು, ನಿನ್ನ ಕೈ ನೂರು ಚೂರು! ಹಹ್ಹಹ್ಹಾ!"

ಒಲೆಯ ಮೇಲಿನ ಸಾರು ಉಕ್ಕಿತು. ಮಗಳು ನಿಜವಾಗಿಯೂ ನಕ್ಕಳು. ಹೊಟ್ಟೆ ಹಿಡಿದುಕೊಂಡು, "ಅಪ್ಪ, ಸಾಕು, ಸಾಕು" ಎನ್ನುತ್ತ ನಕ್ಕಳು. ಹಲವು ದಿನಗಳ ಮೇಲೆ ನಗುತ್ತಿದ್ದಳು, ಉಕ್ಕಿದ ಸಾರನ್ನು ನಾನು ಒರೆಸಲೂ ಹೋಗಲಿಲ್ಲ.

"ಮುಂದೆ ಹೇಳಪ್ಪ. ಅವಳು ತಿರುಗಿ ಬಂದ ಮೇಲೆ?"

"ಮುಂದೆ ನಂದಿಲ್ಲ. ಗೌಡನ ಪಾರ್ಟು ಅಲ್ಲಿಗೇ ಮುಗೀತು."

"ಕೂಸು ಏಳೋದು ನೋಡಿರ್ತೀಯಲ್ಲ?"

"ಎಲ್ಲಿ ನೋಡ್ಲಿ? ಒಳಗೆ ಹೋಗಿ ಮೀಸೆ ಕೀಳ್ತಿದ್ದೆ. ಆ ಅಂಟು ಬಿಡಾಕೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಬೇಕಿತ್ತು. ನಾಟಕದ ಮೇಷ್ಟ್ರು ನಮಗೆ ಅವರವರ ಮಾತು ಮಾತ್ರ ಬರೆದು ಕೊಡ್ತಿದ್ರು. ಬೇರೆಯವರ ಪಾರ್ಟು ಕಟ್ಕಂಡು ನಮಗೇನು?" ಎಂದು ಕಾಲು ತೊಳೆಯಲು ಹೋದರು.

ಮಗಳು ಇನ್ನೂ ನಗುತ್ತಿದ್ದಳು. ನಗುತ್ತಲೇ, "ನೋಡಮ್ಮ, ಮೇಷ್ಟ್ರ ಗದ್ಯ, ಅತ್ತೆಯ ಪದ್ಯ, ಅಪ್ಪನ ನಾಟಕ, ಮೂರು ಪ್ರಕಾರಾನೂ ಆತು. ಯಾವುದ್ರಲ್ಲೂ ಅದು ಏಳ್ತಾ ಇಲ್ಲ" ಎಂದಳು. ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನಾನು ಸೌಟು ಕೆಳಗಿಟ್ಟು ಹತ್ತಿರ ಕೂತೆ. ಅವಳು ನನ್ನ ಭುಜಕ್ಕೆ ತಲೆ ಆನಿಸಿ, "ನಂಗೆ ಇದರಾಗೆಲ್ಲ ನಂಬಿಕೆ ಇಲ್ಲಮ್ಮ, ನಿಂಗೆ ಗೊತ್ತಲ್ಲ. ಆದ್ರೆ ಹಂಗೇ ಬಿಟ್ಟು ಆಸ್ಪತ್ರೆಗೆ ಹೋಗಾಕೆ ಭಯ ಆಗ್ತೈತೆ" ಎಂದಳು. ನನಗೆ ನಂಬಿಕೆ ಇದೆ, ನನಗೂ ಭಯವಿತ್ತು. ಅವಳ ಬೆನ್ನು ಸವರುತ್ತ ಕೂತೆ.

ಇದಾಗಿ ಹೆಚ್ಚು ದಿನವಿಲ್ಲ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಂದು ಬಾಗಿಲು ಹಿಡಿದು ನಿಂತಳು. "ಅಮ್ಮ, ಸೊಂಟ ಹಿಡೀತಾ ಐತೆ. ಬಿಡ್ತೈತೆ, ಮತ್ತೆ ಹಿಡೀತೈತೆ." ಇನ್ನೂ ಬಿಟ್ಟು ಬಿಟ್ಟು ಬರುವ ನೋವು. ದಾವಣಗೆರೆಗೆ ಹೋಗಲು ಹೊತ್ತಿತ್ತು. ಅವಳಪ್ಪ ಪಕ್ಕದ ಮನೆಯವರ ಓಮ್ನಿ ಕೇಳಿ ತಂದರು. ಬಟ್ಟೆಯ ಚೀಲ, ಫ್ಲಾಸ್ಕು, ಹಳೆಯ ಸೀರೆಯ ತುಂಡುಗಳು, ದೇವರ ವಿಭೂತಿಯ ಪೊಟ್ಟಣ ಎಲ್ಲ ಇಟ್ಟೆ. ಮಾಡಿಟ್ಟ ರೊಟ್ಟಿ ಹಾಗೇ ಉಳಿಯಿತು.

ಗಾಡಿ ಓಣಿಯ ತಿರುವಿಗೆ ಬಂದಾಗ ಮಗಳು, "ಅಪ್ಪ, ಗುಡಿ ಹತ್ರ ನಿಲ್ಸು" ಎಂದಳು.

"ಇಲ್ಲಿಂದ್ಲೇ ಕೈಮುಗಿ, ತಡ ಆಗ್ತೈತೆ."

"ಕೈಮುಗಿಯಾಕಲ್ಲ. ನಿಲ್ಸು."

ಇಳಿದು ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಮೇಷ್ಟ್ರು ಬೆಳಗಿನ ಸುತ್ತು ಹಾಕಿ ಕಂಬದ ಹತ್ತಿರ ಕೂತಿದ್ದರು. ಪುಸ್ತಕ ಪೀಠದ ಮೇಲೆ ಹಾಗೇ ಇತ್ತು. ತುಂಬೆ ಹೂವು ಒಣಗಿ ಹಾಳೆಗೆ ಅಂಟಿತ್ತು. ಮಗಳು ಅದರ ಮುಂದೆ ನಿಂತು ಮೇಷ್ಟ್ರ ಕಡೆ ನೋಡಿದಳು. "ಮೇಷ್ಟ್ರೇ, ನಾನು ಓದಬಹುದಾ?"

ಮೇಷ್ಟ್ರು ಅವಳ ಮುಖ ನೋಡಿದರು, ಗಾಡಿ ನೋಡಿದರು, ನನ್ನ ಕೈಯಲ್ಲಿದ್ದ ಫ್ಲಾಸ್ಕು ನೋಡಿದರು. ಅಜ್ಜನ ಪೀಠದಲ್ಲಿ ಬೇರೆಯವರು ಕೂರುವಂತಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಕೂತು ಓದಿದ್ರೆ ಪುರಾಣ, ಅದು ಅಜ್ಜಾರಿಗೇ ಸೇರಿದ್ದು. ನಿಂತು ಓದಿದ್ರೆ ಕನ್ನಡ ಪಾಠ. ಪಾಠ ಓದಾಕೆ ಯಾರಪ್ಪಣೆ ಬೇಕವ್ವ? ಓದು" ಎಂದರು.

ಅವಳು ಓದಿದಳು. ಅಜ್ಜನ ರಾಗ ಅವಳಿಗೆ ಬಾರದು. ಆದರೆ ಪದ್ಯವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಎಳೆಯಬೇಕು ಎಂಬುದು ಬರುತ್ತದೆ. ಅದನ್ನೇ ಅಲ್ಲವೇ ದಿನಾ ಹಲಗೆಯ ಮೇಲೆ ಗೀಟು ಹಾಕಿ ಕಲಿಸುವುದು. ಒಂದು ಪದ್ಯ ಮುಗಿಯಿತು. ಕೂಸು ಏಳಲಿಲ್ಲ. ಆ ಪದ್ಯದ ತುಂಬ ಮುಳುಗುವ ಸೂರ್ಯನೇ ಇದ್ದ. ಮೇಷ್ಟ್ರು ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು. ಇಷ್ಟು ದಿನ ಕಟ್ಟಿಹೋದದ್ದು ಒಮ್ಮೆಲೇ ಬಿಟ್ಟುಕೊಂಡಿತು. "ಆಹಾ, ಕವಿ ಏನು ಹೇಳ್ತಾನೆ ಅಂದ್ರೆ, ಆ ತಾಯಿಯ ದುಃಖವನ್ನು ನೋಡಲಾರದೆ ಸೂರ್ಯನೂ ಕೂಡ ಮುಖ ಮರೆಸಿಕೊಂಡ. ಸೂರ್ಯ ಅಂದ್ರೆ ಯಾರು? ಜಗತ್ತಿನ ಕಣ್ಣು. ಕಣ್ಣು ಅಂದ್ರೆ..."

ಹೊರಗೆ ನಮ್ಮವರು ಹಾರ್ನು ಹೊಡೆದರು.

"ಮೇಷ್ಟ್ರೇ, ಅರ್ಥ ಆತು, ಮುಂದಕ್ಕೆ ಹೋಗ್ಲಿ ಬಿಡ್ರಿ" ಎಂದೆ.

ಮುಂದಿನ ಪದ್ಯದಲ್ಲಿ ಕುರಿಗಳು. ಕುರಿಗಳು ಹುಲ್ಲು ಬಿಟ್ಟು ನಿಂತವು, ಮರಿಗಳು ಮೊಲೆ ಬಿಟ್ಟು ನಿಂತವು. ಕವಿಗೆ ಯಾವ ಅವಸರವೂ ಇರಲಿಲ್ಲ. ನಡುವೆ ಮಗಳಿಗೆ ನೋವು ಬಂತು. ಪೀಠದ ಅಂಚು ಹಿಡಿದು ಬಾಗಿದಳು. ಬೆನ್ನು ತಿಕ್ಕುತ್ತ, "ಎರಡು ಹಾಳೆ ಹಾರಿಸು, ಕೂಸು ಎದ್ದಲ್ಲಿಗೆ ಹೋಗು" ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಹಾರಿಸಿದ್ರೆ ಸಾರಾಂಶ ಆಗ್ತೈತೆ" ಎಂದು ಹಲ್ಲು ಕಚ್ಚಿ, ನೋವು ಇಳಿಯುವವರೆಗೆ ಕಾದು, ಬಿಟ್ಟ ಕಡೆಯಿಂದಲೇ ಹಿಡಿದಳು. ಮೇಷ್ಟ್ರಿಗೂ ಆಗ ತಿಳಿಯಿತೆಂದು ಕಾಣುತ್ತದೆ. ಅರ್ಥವನ್ನು ಒಂದೊಂದೇ ಮಾತಿಗೆ ಇಳಿಸಿದರು. ತಾಯಿ ಅತ್ತಳು. ಮುದುಕ ಬಂದ. ನೀರು ಕುಡಿದ. ಜೋಳಿಗೆ ಮುಟ್ಟಿದ. ಒಂದೊಂದು ಪದ್ಯ ಬಂದಾಗಲೂ ನಾನು ಇದೇ ಇರಬೇಕು ಎಂದುಕೊಳ್ಳುವೆ, ಅದಾಗಿರುತ್ತಿರಲಿಲ್ಲ. ಕೇಳಿ ಕೇಳಿ ಗೊತ್ತಿದ್ದ ಕಥೆಗೆ ಅಷ್ಟು ಹೆದರಿಕೊಂಡು ನಾನು ಎಂದೂ ನಿಂತಿರಲಿಲ್ಲ.

ಆಮೇಲೆ ಅದು ಬಂತು.

"ಕುರಿಯ ಹಿಂಡದು ಮರಳಿ ಬಂದುದು
ಸುರಿವ ಕಣ್ಣಲಿ ಕರೆಯೆ ಶಿವನನು
ತೆರೆದು ಕಂಗಳ ಹಸುಳೆ ತಾನಳುತೆದ್ದಿತಾಗಲೆ ಕೇಳ್"

ಮೇಷ್ಟ್ರು ಅರ್ಥ ಹೇಳುವ ಬದಲು ಎದ್ದುಹೋಗಿ ಗುಡಿಯ ಗಂಟೆಯನ್ನು ಒಮ್ಮೆ ಹೊಡೆದು ಬಂದು, "ಹೋಗ್ರಿ, ಹೋಗ್ರಿ, ಇನ್ನು ನಿಲ್ಲಬ್ಯಾಡ್ರಿ" ಎಂದರು. ಮಗಳು ದೇವರ ಮುಂದಿನ ತಟ್ಟೆಯಿಂದ ಒಂದು ಹೊಸ ಹೂವು ತೆಗೆದು ಆ ಪದ್ಯದ ಮೇಲೆ ಇಟ್ಟಳು. ಗಾಡಿ ಹತ್ತಿದ ಮೇಲೆ ಅವಳಪ್ಪ, "ಏನು ಮಾಡ್ತಿದ್ರಿ ಇಷ್ಟೊತ್ತು?" ಎಂದು ರೇಗಿದರು.

"ನೀನು ನೋಡದೆ ಬಿಟ್ಟಿದ್ಯಲ್ಲಪ್ಪ, ಅದು ನೋಡ್ತಿದ್ವಿ" ಎಂದಳು. ದಾರಿಯಲ್ಲಿ ಎರಡು ನೋವಿನ ನಡುವೆ ಅವಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಬಾಯಿ ತೆರೆದು, ಸಣ್ಣವಳಿದ್ದಾಗ ಮಲಗುತ್ತಿದ್ದ ಹಾಗೆ.

ಆಸ್ಪತ್ರೆಯ ಹೊತ್ತನ್ನು ಹೆಚ್ಚು ಬರೆಯಲಾರೆ. ಹೊರಗೆ ಸಿಮೆಂಟಿನ ಬೆಂಚು, ಒಳಗೆ ಅವಳ ದನಿ. ಪದ್ಯದ ನಿಧಾನಕ್ಕೆ ಬೇಸರಪಟ್ಟವಳು ನಾನು. ಅಲ್ಲಿ ಕೂತಾಗ ಪದ್ಯವೇ ವಾಸಿ ಎನಿಸಿತು, ಅದರಲ್ಲಿ ಕೊನೆಗೆ ಏನೆಂದು ಬರೆದಿರುತ್ತದಲ್ಲ. ಸಂಜೆ ಇಳಿಯುವ ಹೊತ್ತಿಗೆ ಒಳಗೆ ಕೂಸು ಅತ್ತಿತು. ನರ್ಸಮ್ಮ ಬಂದು ಹೆಣ್ಣು ಎಂದು ಹೇಳಿ ಹೋದರು. ನಮ್ಮವರು ಪಕ್ಕದಲ್ಲಿ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದರು. ಒಳಗೆ ಬಿಟ್ಟಾಗ ಮಗಳು ಕೂಸನ್ನು ನೋಡಲೇ ಇಲ್ಲ, ಮೊದಲು ನನ್ನನ್ನು ನೋಡಿದಳು. "ಅಳ್ತಾ ಐತಲ್ಲಮ್ಮ?" ಎಂದಳು.

"ಅಳ್ತಾ ಐತೆ. ಕಿವಿ ತೂತು ಬೀಳೋ ಹಂಗೆ ಅಳ್ತಾ ಐತೆ."

"ಹಂಗಾದ್ರೆ ಸರಿ" ಎಂದು ಕಣ್ಣು ಮುಚ್ಚಿದಳು.

ಮನೆಗೆ ಬಂದ ಮೇಲೆ ಬಾಣಂತಿಯ ಕೆಲಸ ಹಿಡಿಯಿತು. ಎರೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಕಷಾಯ ಕಾಸುವುದು, ಲಂಗೋಟಿ ಒಗೆಯುವುದು. ಬಗ್ಗಿದವಳು ಏಳಲಾರೆ, ಎದ್ದವಳು ಕೂರಲಾರೆ. ಸೂತಕ ಕಳೆದು ಅಜ್ಜ ತಿರುಗಿ ಬಂದರು. ಪುಸ್ತಕದ ಮೇಲಿನ ಹೂವು ಬೇರೆ ಪದ್ಯದ ಮೇಲಿದ್ದದ್ದನ್ನು ನೋಡಿ, "ಮೇಷ್ಟ್ರೇ, ನಾವು ಇಲ್ಲಿ ನಿಲ್ಲಿಸಿದ್ವಾ?" ಎಂದು ಕೇಳಿದರಂತೆ. "ಹೌದು ಅಜ್ಜಾರೇ, ಕೂಸು ಎದ್ದೈತೆ, ಮುಂದೆ ಓದ್ರಿ" ಎಂದರಂತೆ ಮೇಷ್ಟ್ರು. ಅಜ್ಜ ಹೆಚ್ಚು ಕೇಳದೆ ಮುಂದಿನ ಪದ್ಯ ಹಿಡಿದರಂತೆ. ಇದನ್ನು ನನಗೆ ಹೇಳಿದವರು ಮೇಷ್ಟ್ರ ಹೆಂಡತಿ.

ಪುರಾಣ ಮುಗಿಸುವ ಮಂಗಳದ ದಿನ ನನಗೆ ಗುಡಿಗೆ ಹೋಗಲಾಗಲಿಲ್ಲ. ಬಾಣಂತಿಯ ಕೋಣೆಯ ಕಿಟಕಿ ಅರ್ಧ ತೆರೆದು, ಮೈಕಿನಲ್ಲಾದರೂ ಕೇಳೋಣವೆಂದು ಗೋಡೆಗೆ ಆನಿ ಕೂತೆ. ಅಜ್ಜನ ದನಿ ಎದ್ದಿತು. ಕೂಸು ನನ್ನ ಮಡಿಲಲ್ಲಿ ಬೆಚ್ಚಗಿತ್ತು. ಅಷ್ಟು ಮಾತ್ರ ನೆನಪು. ಕಣ್ಣು ತೆರೆದಾಗ ಕತ್ತಲಾಗಿತ್ತು, ಮೈಕು ನಿಂತಿತ್ತು, ಕೂಸು ಮಗಳ ಪಕ್ಕದಲ್ಲಿತ್ತು, ನನ್ನ ಮೇಲೆ ಯಾರೋ ಕೌದಿ ಹೊದಿಸಿದ್ದರು.

"ಮಂಗಳ ಆತೇನೇ? ಎಬ್ಬಿಸಬಾರದಿತ್ತಾ?" ಎಂದೆ.

"ಆತು. ಚೆನ್ನಾಗೇ ಆತು" ಎಂದಳು ಮಗಳು. "ಮಲಕ್ಕೋ."

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮಂಗಳ ಕೇಳದೆ ಹೋದ ಶ್ರಾವಣ ಅದೊಂದೇ. ದೇವರು ಇದನ್ನು ಲೆಕ್ಕಕ್ಕೆ ಹಿಡಿಯಲಾರ ಎಂದುಕೊಂಡು ಕೌದಿ ಎಳೆದುಕೊಂಡೆ.